ಎಚ್‌ಬಿಎ1ಸಿ ಸರಿಯಿದೆ, ಸಕ್ಕರೆ ಹೆಚ್ಚಿದೆ: ಯಾವುದನ್ನು ನಂಬುವುದು?

ಪ್ರಶ್ನೆ: ನಾನು 46 ವರ್ಷದ ಗಂಡಸು. ಕಳೆದ ಆರು ತಿಂಗಳಲ್ಲಿ ಎರಡು ಬಾರಿ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ ರಕ್ತ ಕೊಟ್ಟಿದ್ದೇನೆ. ಸಕ್ಕರೆ ಒಮ್ಮೆ 138, ಇನ್ನೊಮ್ಮೆ 142 ಬಂತು. ಊಟವಾಗಿ ಎರಡು ಗಂಟೆಯ ಬಳಿಕ 214 ಇತ್ತು. ಆದರೆ ಮೂರು ತಿಂಗಳ ಸರಾಸರಿ ಎನ್ನುವ ಎಚ್‌ಬಿಎ1ಸಿ ಮಾತ್ರ ಎರಡು ಬೇರೆ ಬೇರೆ ಲ್ಯಾಬುಗಳಲ್ಲೂ 5.6 ಎಂದೇ ಬಂದಿದೆ. ಒಬ್ಬ ವೈದ್ಯರು ಸರಾಸರಿ ಚೆನ್ನಾಗಿದೆ, ಚಿಂತೆ ಬೇಡ ಎಂದರು. ಇನ್ನೊಬ್ಬರು ಇದು ಮಧುಮೇಹವೇ ಎಂದರು. ನನ್ನ ಅಣ್ಣನಿಗೂ ಮಧುಮೇಹವಿದೆ. ಅವನ ಎಚ್‌ಬಿಎ1ಸಿ ಯಾವಾಗಲೂ 6ರ ಆಸುಪಾಸಿನಲ್ಲೇ ಇದ್ದರೂ ಕಳೆದ ವರ್ಷ ಅಕ್ಷಿಪಟಲಕ್ಕೆ ಹಾನಿಯಾಗಿರುವುದು ಗೊತ್ತಾಯಿತು. ವಂಶವಾಹಿಗಳ ವ್ಯತ್ಯಾಸದಿಂದ ಈ ಪರೀಕ್ಷೆ ತಪ್ಪು ತೋರಿಸಬಹುದು ಎಂದು ಕೇಳಿದ್ದೇನೆ. ಇದು ನಿಜವೇ? ನಾನು ಯಾವ ಫಲಿತಾಂಶವನ್ನು ನಂಬಬೇಕು?

ಉತ್ತರ: ನೀವು ಕೇಳಿರುವುದು ನಿಜ. ಮೊದಲು ನೇರ ಉತ್ತರ ಕೊಟ್ಟು ಆಮೇಲೆ ಕಾರಣಗಳಿಗೆ ಬರುತ್ತೇನೆ. ರಾತ್ರಿಯಿಡೀ ಏನೂ ತಿನ್ನದೆ ಬೆಳಿಗ್ಗೆ ಕೊಟ್ಟ ರಕ್ತದ ಪ್ಲಾಸ್ಮಾದಲ್ಲಿ ಗ್ಲೂಕೋಸ್ ಪ್ರತಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದೆ ಎಂದು ಎರಡು ಬೇರೆ ದಿನಗಳಲ್ಲಿ ಕಂಡುಬಂದರೆ, ಮಧುಮೇಹವಿದೆ ಎಂದು ತೀರ್ಮಾನಿಸಲು ಅಷ್ಟೇ ಸಾಕು. ನಿಮ್ಮ ಎರಡೂ ಫಲಿತಾಂಶಗಳು ಆ ಗೆರೆಯನ್ನು ದಾಟಿವೆ. ಊಟದ ನಂತರದ 214ನ್ನು 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ವಿಧಿಬದ್ಧ ಪರೀಕ್ಷೆಯ 200ರ ಗೆರೆಯೊಂದಿಗೆ ಹಾಗೇ ಹೋಲಿಸುವಂತಿಲ್ಲವಾದರೂ ಅದೂ ಇದೇ ದಿಕ್ಕಿಗೆ ಕೈತೋರಿಸುತ್ತಿದೆ. ಎಚ್‌ಬಿಎ1ಸಿ 5.6 ಬಂದ ಮಾತ್ರಕ್ಕೆ ಇವೆಲ್ಲ ರದ್ದಾಗುವುದಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಎಚ್‌ಬಿಎ1ಸಿ ಪರೀಕ್ಷೆಯನ್ನು ಮಧುಮೇಹದ ನಿರ್ಣಯಕ್ಕೆ ಒಪ್ಪಿಕೊಂಡಾಗ, ಶೇಕಡ 6.5ನ್ನು ಗೆರೆಯಾಗಿ ಇಟ್ಟು, ಅದಕ್ಕಿಂತ ಕಡಿಮೆ ಬಂದರೆ ಗ್ಲೂಕೋಸ್ ಪರೀಕ್ಷೆಯಿಂದ ಗೊತ್ತಾದ ಮಧುಮೇಹ ಇಲ್ಲವೆಂದಾಗುವುದಿಲ್ಲ ಎಂಬ ಮಾತನ್ನೂ ಸೇರಿಸಿತ್ತು. ಬಳಕೆಯಲ್ಲಿ ಆ ಎರಡನೆಯ ಮಾತು ಮರೆತೇಹೋಗಿದೆ ಎಂದು ನನಗೆ ಅನೇಕ ಬಾರಿ ಅನ್ನಿಸಿದೆ.

ನಿಮ್ಮ ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದಲೇ ತೋರಿಸಬಹುದು. ಎಚ್‌ಬಿಎ1ಸಿಯನ್ನು ಸರಾಸರಿ ಸಕ್ಕರೆಗೆ ಪರಿವರ್ತಿಸಲು 2008ರಿಂದ ಬಳಕೆಯಲ್ಲಿರುವ ಸೂತ್ರದ ಪ್ರಕಾರ, ಫಲಿತಾಂಶವನ್ನು 28.7ರಿಂದ ಗುಣಿಸಿ ಅದರಿಂದ 46.7 ಕಳೆಯಬೇಕು. 5.6ಕ್ಕೆ ಈ ಲೆಕ್ಕ ಹಾಕಿದರೆ ಸುಮಾರು 114 ಬರುತ್ತದೆ. ಖಾಲಿ ಹೊಟ್ಟೆಯ ಸಕ್ಕರೆಯೆಂದರೆ ಸಾಮಾನ್ಯವಾಗಿ ಇಡೀ ದಿನದಲ್ಲೇ ತಗ್ಗಿನ ಮಟ್ಟ. ನಿಮ್ಮ ತಗ್ಗಿನ ಮಟ್ಟವೇ 140ರ ಹತ್ತಿರವಿರುವಾಗ ಇಡೀ ದಿನದ ಸರಾಸರಿ 114 ಆಗಲು ಹೇಗೆ ಸಾಧ್ಯ? ಎರಡರಲ್ಲಿ ಒಂದು ತಪ್ಪು ಹೇಳುತ್ತಿದೆ. ಎರಡು ಫಲಿತಾಂಶಗಳ ನಡುವೆ ಈ ಪ್ರಮಾಣದ ಅಂತರವಿದ್ದರೆ ಹಿತವಾಗಿ ಕಾಣುವುದನ್ನು ಆರಿಸಿಕೊಳ್ಳುವುದಾಗಲಿ ಎರಡನ್ನೂ ಕೂಡಿಸಿ ಭಾಗಿಸುವುದಾಗಲಿ ಸಲ್ಲದು. ಅಂತರ ಇರುವುದೇ ಒಂದು ಮಾಹಿತಿ, ಅದಕ್ಕೆ ಕಾರಣ ಹುಡುಕಬೇಕು.

ಎಚ್‌ಬಿಎ1ಸಿ ಏನನ್ನು ಅಳೆಯುತ್ತದೆ ಎಂಬುದನ್ನು ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. ಈ ಪರೀಕ್ಷೆ ಸಕ್ಕರೆಯನ್ನು ಅಳೆಯುವುದಿಲ್ಲ. ಸಕ್ಕರೆ ಬಿಟ್ಟುಹೋದ ಗುರುತನ್ನು ಅಳೆಯುತ್ತದೆ. ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಯ ಸರಪಳಿಗಳಿವೆ. ಬೀಟಾ ಸರಪಳಿಯ ಮೊದಲ ಕೊಂಡಿಯಾದ ವ್ಯಾಲಿನ್ ಎಂಬ ಅಮೈನೋ ಆಮ್ಲಕ್ಕೆ ಗ್ಲೂಕೋಸ್ ಯಾವ ಕಿಣ್ವದ ನೆರವೂ ಇಲ್ಲದೆ ತಾನಾಗಿಯೇ ನಿಧಾನವಾಗಿ ಅಂಟಿಕೊಳ್ಳುತ್ತದೆ. ಹೀಗೆ ಗ್ಲೂಕೋಸ್ ಅಂಟಿದ ಹಿಮೋಗ್ಲೋಬಿನ್ ಒಟ್ಟು ಹಿಮೋಗ್ಲೋಬಿನ್‌ನಲ್ಲಿ ಶೇಕಡ ಎಷ್ಟು ಎಂಬುದೇ ಎಚ್‌ಬಿಎ1ಸಿ. ಅದು ಎರಡು ಸಂಗತಿಗಳನ್ನು ಅವಲಂಬಿಸಿದೆ: ರಕ್ತದಲ್ಲಿ ಎಷ್ಟು ಗ್ಲೂಕೋಸ್ ಇತ್ತು, ಮತ್ತು ಆ ಕಣ ಗ್ಲೂಕೋಸಿನ ನಡುವೆ ಎಷ್ಟು ದಿನ ಓಡಾಡಿಕೊಂಡಿತ್ತು. ಎರಡನೆಯದು ಎಲ್ಲರಲ್ಲೂ ಒಂದೇ ಎಂದು ಪರೀಕ್ಷೆ ಮೌನವಾಗಿ ಊಹಿಸಿಕೊಂಡಿದೆ. ಕೆಂಪು ಕಣ 120 ದಿನ ಬದುಕುತ್ತದೆ ಎಂಬ ಪಠ್ಯಪುಸ್ತಕದ ವಾಕ್ಯದ ಮೇಲೆಯೇ ಮೂರು ತಿಂಗಳ ಸರಾಸರಿ ಎಂಬ ಮಾತು ನಿಂತಿದೆ. ಆದರೆ ರಕ್ತದ ಯಾವ ಕಾಯಿಲೆಯೂ ಇಲ್ಲದವರಲ್ಲಿ ಕೂಡ ಕಣಗಳ ಸರಾಸರಿ ವಯಸ್ಸು ಒಬ್ಬರಿಂದ ಒಬ್ಬರಿಗೆ ಸುಮಾರು 40 ದಿನದಿಂದ 60 ದಿನದವರೆಗೆ ವ್ಯತ್ಯಾಸವಾಗುತ್ತದೆ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಕೆಂಪು ಕಣದ ಗಾತ್ರ, ಅದರ ಪೊರೆ, ಅದರೊಳಗಿನ ಕಿಣ್ವಗಳು, ಹಿಮೋಗ್ಲೋಬಿನ್‌ನ ರಚನೆ ಇವೆಲ್ಲ ಅಪ್ಪ ಅಮ್ಮನಿಂದ ಬಂದ ವಂಶವಾಹಿಗಳು ನಿರ್ಧರಿಸುವ ಸಂಗತಿಗಳು. ಆದ್ದರಿಂದ ನಿಮ್ಮ ಎಚ್‌ಬಿಎ1ಸಿಯಲ್ಲಿ ನಿಮ್ಮ ಸಕ್ಕರೆಯಷ್ಟೇ ಅಲ್ಲ, ನಿಮ್ಮ ವಂಶವೂ ಸ್ವಲ್ಪ ಸೇರಿಕೊಂಡಿರುತ್ತದೆ.

ಒಂದು ಸ್ವಾರಸ್ಯವನ್ನು ಇಲ್ಲಿ ಹೇಳಿಬಿಡುತ್ತೇನೆ. 1968ರಲ್ಲಿ ಟೆಹರಾನಿನ ಸ್ಯಾಮ್ಯುಯೆಲ್ ರಹಬಾರ್ ಮಧುಮೇಹಿಗಳ ರಕ್ತದಲ್ಲಿ ಈ ಗುರುತನ್ನು ಕಂಡಾಗ ಅವರು ಮಧುಮೇಹವನ್ನು ಹುಡುಕುತ್ತಲೇ ಇರಲಿಲ್ಲ. ಆಸ್ಪತ್ರೆಯ ರೋಗಿಗಳಲ್ಲಿ ಹುಟ್ಟಿನಿಂದ ಬರುವ ಅಪರೂಪದ ಹಿಮೋಗ್ಲೋಬಿನ್‌ಗಳನ್ನು ಹುಡುಕುತ್ತಿದ್ದರು. ಅಂಥ ಹುಡುಕಾಟದಲ್ಲಿ ಹುಟ್ಟಿದ ಪರೀಕ್ಷೆಗೆ ಇಂದು ಅವೇ ಅಪರೂಪದ ಹಿಮೋಗ್ಲೋಬಿನ್‌ಗಳು ತೊಡಕಾಗಿವೆ.

ವಂಶವಾಹಿಗಳಿಂದ ಆಗುವ ತಪ್ಪುಗಳಲ್ಲಿ ಎರಡು ಜಾತಿಗಳಿವೆ. ಇವೆರಡನ್ನು ಬೇರ್ಪಡಿಸಿ ನೋಡದಿದ್ದರೆ ನಿಮ್ಮ ಸಮಸ್ಯೆ ಬಿಡಿಸಲು ಬರುವುದಿಲ್ಲ. ಮೊದಲನೆಯದರಲ್ಲಿ ರಕ್ತದಲ್ಲಿ ಇರುವುದನ್ನು ಯಂತ್ರ ತಪ್ಪಾಗಿ ಓದುತ್ತದೆ. ಎರಡನೆಯದರಲ್ಲಿ ಯಂತ್ರ ಸರಿಯಾಗಿಯೇ ಓದುತ್ತದೆ, ಆದರೆ ಓದಿದ ಅಂಕಿಗೆ ನಾವು ಕೊಡುವ ಅರ್ಥ ಆ ವ್ಯಕ್ತಿಗೆ ಒಪ್ಪುವುದಿಲ್ಲ. ಬೇರೆ ವಿಧಾನ ಬಳಸುವ ಇನ್ನೊಂದು ಲ್ಯಾಬಿಗೆ ಹೋದರೆ ಮೊದಲನೆಯ ತಪ್ಪು ಹೊರಬೀಳಬಹುದು. ಎರಡನೆಯ ತಪ್ಪು ಹತ್ತು ಲ್ಯಾಬ್ ತಿರುಗಿದರೂ ಹೊರಬೀಳುವುದಿಲ್ಲ, ಏಕೆಂದರೆ ಎಲ್ಲ ಯಂತ್ರಗಳೂ ಪ್ರಾಮಾಣಿಕವಾಗಿ ಅದೇ ಅಂಕಿಯನ್ನು ಕೊಡುತ್ತವೆ. ಎರಡೂ ಕಡೆ 5.6 ಬಂದದ್ದು ನಿಮಗೆ ಧೈರ್ಯ ಕೊಟ್ಟಿರಬಹುದು. ನನಗೆ ಮಾತ್ರ ಅದು ಎರಡನೆಯ ಜಾತಿಯ ತಪ್ಪಿನ ಸುಳಿವಾಗಿ ಕಾಣುತ್ತಿದೆ.

ಮೊದಲನೆಯ ಜಾತಿಯ ಬಗ್ಗೆ ಸ್ವಲ್ಪ ವಿವರಿಸಬೇಕು. ಹಿಮೋಗ್ಲೋಬಿನ್‌ನಲ್ಲಿ ಇದುವರೆಗೆ ಸಾವಿರಕ್ಕೂ ಹೆಚ್ಚು ರೂಪಾಂತರಗಳು ಪತ್ತೆಯಾಗಿವೆ. ಅವುಗಳಲ್ಲಿ ಜಗತ್ತಿನಾದ್ಯಂತ ಹೆಚ್ಚಾಗಿ ಕಾಣುವವು ಎಸ್, ಇ, ಸಿ ಮತ್ತು ಡಿ ಎಂಬ ನಾಲ್ಕು. ಎಸ್ ಮತ್ತು ಸಿ ರೂಪಗಳಲ್ಲಿ ಬೀಟಾ ಸರಪಳಿಯ ಆರನೆಯ ಅಮೈನೋ ಆಮ್ಲ ಬದಲಾಗಿರುತ್ತದೆ. ಇ ರೂಪದಲ್ಲಿ 26ನೆಯದು, ಡಿ ರೂಪದಲ್ಲಿ 121ನೆಯದು ಬದಲಾಗಿರುತ್ತದೆ. ಕೆಲವು ಲ್ಯಾಬುಗಳು ಪ್ರತಿಕಾಯಗಳನ್ನು ಬಳಸಿ ಎಚ್‌ಬಿಎ1ಸಿ ಅಳೆಯುತ್ತವೆ. ಆ ಪ್ರತಿಕಾಯ ಸಕ್ಕರೆ ಅಂಟಿದ ತುದಿಯನ್ನೂ ಅದರ ಪಕ್ಕದ ಕೆಲವು ಅಮೈನೋ ಆಮ್ಲಗಳನ್ನೂ ಒಟ್ಟಿಗೆ ಗುರುತಿಸುತ್ತದೆ. ಅದರ ಹಿಡಿತ ಆರನೆಯ ಸ್ಥಾನದವರೆಗೆ ಚಾಚಿದ್ದರೆ ಎಸ್ ಮತ್ತು ಸಿ ಅದನ್ನು ಮೋಸಗೊಳಿಸುತ್ತವೆ. 26 ಮತ್ತು 121 ಬಹಳ ದೂರವಿರುವುದರಿಂದ ಇ ಮತ್ತು ಡಿ ಆ ವಿಧಾನವನ್ನು ಸಾಮಾನ್ಯವಾಗಿ ಕಾಡುವುದಿಲ್ಲ. ವಿದ್ಯುದಾವೇಶದ ವ್ಯತ್ಯಾಸದಿಂದ ಹಿಮೋಗ್ಲೋಬಿನ್‌ಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರಗಳ ಕಥೆ ಬೇರೆ. ಅಲ್ಲಿ ಯಂತ್ರ ಬಿಡಿಸುವ ಗ್ರಾಫಿನಲ್ಲಿ ರೂಪಾಂತರದ ಶಿಖರ ಎಚ್‌ಬಿಎ1ಸಿಯ ಶಿಖರದ ಮೇಲೆ ಅಥವಾ ಅದರ ಪಕ್ಕ ಬಂದು ಕುಳಿತರೆ ಅಂಕಿ ಏರುಪೇರಾಗುತ್ತದೆ. ರ‍್ಯಾಲಿ ಎಂಬ ಅಪರೂಪದ ಹಿಮೋಗ್ಲೋಬಿನ್‌ನಲ್ಲಿ ಸಕ್ಕರೆ ಅಂಟಬೇಕಾದ ತುದಿಯೇ ಬದಲಾಗಿರುವುದರಿಂದ ಅದು ಇಂಥ ಯಂತ್ರದ ಕಣ್ಣಿಗೆ ಎಚ್‌ಬಿಎ1ಸಿಯಂತೆಯೇ ಕಾಣುತ್ತದೆ. ಮಧುಮೇಹದ ಸುಳಿವೇ ಇಲ್ಲದವರಿಗೂ ಗಾಬರಿ ಹುಟ್ಟಿಸುವಷ್ಟು ದೊಡ್ಡ ಅಂಕಿ ಬರಬಹುದು. ಬೊರೊನೇಟ್ ಅಫಿನಿಟಿ ಎಂಬ ವಿಧಾನ ಸಕ್ಕರೆ ಅಂಟಿದೆಯೇ ಇಲ್ಲವೇ ಎಂಬುದನ್ನಷ್ಟೇ ನೋಡುತ್ತದೆ, ಆದ್ದರಿಂದ ರೂಪಾಂತರಗಳಿಂದ ಅದಕ್ಕೆ ಆಗುವ ತೊಂದರೆ ಕಡಿಮೆ. ಹುಟ್ಟಿನಿಂದಲೇ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಾಗಿ ಉಳಿದುಕೊಂಡವರಲ್ಲಿ ಅದೂ ಕಡಿಮೆ ತೋರಿಸಬಹುದು.

ಹೀಗಾಗಿ ಲ್ಯಾಬಿಗೆ ಕೇಳಬೇಕಾದ ಪ್ರಶ್ನೆ ಸರಳವಾದದ್ದು: ನೀವು ಯಾವ ವಿಧಾನದಿಂದ ಅಳೆದಿರಿ? ಎರಡೂ ಲ್ಯಾಬುಗಳು ಒಂದೇ ವಿಧಾನ ಬಳಸಿದ್ದರೆ ಬೊರೊನೇಟ್ ವಿಧಾನದಲ್ಲಿ ಮೂರನೆಯ ಬಾರಿ ಮಾಡಿಸುವುದರಲ್ಲಿ ಅರ್ಥವಿದೆ. ಅಂದಹಾಗೆ, ಎಚ್‌ಪಿಎಲ್‌ಸಿ ಯಂತ್ರ ಅಂಕಿಯ ಜತೆಗೆ ಒಂದು ಗ್ರಾಫನ್ನೂ ಕೊಡುತ್ತದೆ. ಅದರಲ್ಲಿ ಗುರುತಿಸದ ಶಿಖರವೊಂದು ಎದ್ದು ಕಾಣುತ್ತಿದ್ದರೂ ವರದಿಯಲ್ಲಿ ಕೊನೆಯ ಅಂಕಿಯನ್ನು ಮಾತ್ರ ಮುದ್ರಿಸಿ ಕೊಡುವುದನ್ನು ನಾನು ನೋಡಿದ್ದೇನೆ. ಆ ಗ್ರಾಫನ್ನು ಕೇಳಿ ಪಡೆಯಿರಿ.

ಅಪ್ಪ ಅಮ್ಮ ಇಬ್ಬರಿಂದಲೂ ಎಸ್ ಅಥವಾ ಸಿ ಬಂದವರ ರಕ್ತದಲ್ಲಿ ಸಾಮಾನ್ಯ ಹಿಮೋಗ್ಲೋಬಿನ್ ಎ ಇರುವುದೇ ಇಲ್ಲ. ಅವರಿಗೆ ಎಚ್‌ಬಿಎ1ಸಿ ಎಂಬ ಪದಕ್ಕೇ ಅರ್ಥವಿಲ್ಲ. ಈ ಪರೀಕ್ಷೆಯನ್ನು ಅವರಲ್ಲಿ ಮಾಡಬಾರದು. ಒಬ್ಬರಿಂದ ಮಾತ್ರ ಎಸ್ ಬಂದವರ ಸ್ಥಿತಿ ಇಷ್ಟು ಸ್ಪಷ್ಟವಲ್ಲ. ಅವರು ಆರೋಗ್ಯವಾಗಿಯೇ ಇರುತ್ತಾರೆ, ಅನೇಕರಿಗೆ ತಮ್ಮಲ್ಲಿ ಎಸ್ ಇರುವುದೂ ತಿಳಿದಿರುವುದಿಲ್ಲ. 2017ರಲ್ಲಿ ಅಮೆರಿಕದಲ್ಲಿ 4,620 ಆಫ್ರಿಕನ್ ಅಮೆರಿಕನ್ನರ ದಾಖಲೆಗಳನ್ನು ಪರಿಶೀಲಿಸಿದಾಗ, ಎಸ್ ವಾಹಕರ ಸರಾಸರಿ ಎಚ್‌ಬಿಎ1ಸಿ 5.72, ಉಳಿದವರದು 6.01 ಇತ್ತು. ಸಕ್ಕರೆಯ ಮಟ್ಟ ಒಂದೇ ಆಗಿರುವವರನ್ನು ಹೋಲಿಸಿದರೂ ವಾಹಕರ ಅಂಕಿ ತಗ್ಗಿಯೇ ಇತ್ತು. ಇದರಲ್ಲಿ ಯಂತ್ರದ ಪಾಲೆಷ್ಟು, ಕಣದ ಪಾಲೆಷ್ಟು ಎಂಬ ವಾದ ಆಮೇಲೂ ನಡೆಯಿತು. ರೋಗಿಯ ಮಟ್ಟಿಗೆ 0.3ರ ಕೊರತೆ ಎಲ್ಲಿಂದ ಬಂದರೂ ಕೊರತೆಯೇ.

ಇನ್ನು ಎರಡನೆಯ ಜಾತಿ. ನಿಮ್ಮ ವಿಷಯದಲ್ಲಿ ನನ್ನ ಅನುಮಾನ ಹೆಚ್ಚಾಗಿ ಇಲ್ಲಿದೆ. ಇದರ ಮುಖ್ಯ ಉದಾಹರಣೆ ಜಿ6ಪಿಡಿ ಎಂಬ ಕಿಣ್ವದ ಕೊರತೆ. ಆಮ್ಲಜನಕವನ್ನು ಹೊತ್ತು ತಿರುಗುವ ಕೆಂಪು ಕಣವು ಅದೇ ಆಮ್ಲಜನಕದಿಂದ ಆಗುವ ಸವಕಳಿಯಿಂದ ತನ್ನನ್ನು ಕಾಪಾಡಿಕೊಳ್ಳಬೇಕು, ಮತ್ತು ಆ ರಕ್ಷಣೆಗೆ ಬೇಕಾದ ಸಾಮಗ್ರಿಯನ್ನು ಒದಗಿಸುವುದು ಈ ಕಿಣ್ವ. ಕೆಂಪು ಕಣಕ್ಕೆ ಕೋಶಕೇಂದ್ರವಿಲ್ಲ. ಹುಟ್ಟುವಾಗ ತಂದ ಕಿಣ್ವ ತೀರಿದರೆ ಹೊಸದಾಗಿ ತಯಾರಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಕಿಣ್ವ ದುರ್ಬಲವಾಗಿದ್ದರೆ ಕಣ ಬೇಗ ಮುಪ್ಪಾಗಿ ಗುಲ್ಮದಲ್ಲಿ (ಸ್ಪ್ಲೀನ್) ನಾಶವಾಗುತ್ತದೆ. ಅಸ್ಥಿಮಜ್ಜೆ ಹೊಸ ಕಣಗಳನ್ನು ಹೆಚ್ಚಾಗಿ ತಯಾರಿಸಿ ಆ ನಷ್ಟವನ್ನು ತುಂಬಿಕೊಡುವುದರಿಂದ ಹಿಮೋಗ್ಲೋಬಿನ್ ಪ್ರಮಾಣ ಸರಿಯಾಗಿಯೇ ಇರಬಹುದು, ರಕ್ತಹೀನತೆ ಕಾಣದೇ ಹೋಗಬಹುದು. ಆದರೆ ರಕ್ತದಲ್ಲಿರುವ ಕಣಗಳೆಲ್ಲ ಸರಾಸರಿಯಲ್ಲಿ ಎಳೆಯವು. ಎಳೆಯ ಕಣಕ್ಕೆ ಸಕ್ಕರೆ ಅಂಟಿಸಿಕೊಳ್ಳಲು ಸಿಕ್ಕ ಸಮಯ ಕಡಿಮೆ, ಹಾಗಾಗಿ ಎಚ್‌ಬಿಎ1ಸಿ ಕೂಡ ಕಡಿಮೆ.

ಸರಳಗೊಳಿಸಿದ ಲೆಕ್ಕವೊಂದನ್ನು ನೋಡಿ. ಕಣಗಳು 120 ದಿನ ಬದುಕಿದರೆ ರಕ್ತದಲ್ಲಿರುವ ಕಣಗಳ ಸರಾಸರಿ ವಯಸ್ಸು ಸುಮಾರು 60 ದಿನ. 90 ದಿನ ಮಾತ್ರ ಬದುಕಿದರೆ 45 ದಿನ. ಅಂದರೆ ಸಕ್ಕರೆ ಅಂಟಲು ಸಿಗುವ ಸಮಯದಲ್ಲಿ ಕಾಲು ಭಾಗ ಖೋತಾ. ಸರಾಸರಿ ಸಕ್ಕರೆ 165 ಇರುವ ವ್ಯಕ್ತಿಯ ಎಚ್‌ಬಿಎ1ಸಿ ಸಾಮಾನ್ಯವಾಗಿ 7.4ರ ಹತ್ತಿರ ಇರಬೇಕು. ಅದರಲ್ಲಿ ಕಾಲು ಭಾಗ ಕಳೆದರೆ ಉಳಿಯುವುದು ಸುಮಾರು 5.5. ಇದು ನಿಮ್ಮ 5.6ಕ್ಕೆ ಎಷ್ಟು ಹತ್ತಿರವಿದೆ ನೋಡಿ. ನಿಮ್ಮಲ್ಲಿ ಹೀಗೆಯೇ ಆಗಿದೆ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಕಣಗಳ ಆಯಸ್ಸು ತಿಂಗಳೊಂದು ಕಡಿಮೆಯಾದರೆ ಸಾಕು, ಸ್ಪಷ್ಟ ಮಧುಮೇಹವೂ ವರದಿಯಲ್ಲಿ ಮರೆಯಾಗಬಹುದು ಎಂಬುದು ಮಾತ್ರ ಇದರಿಂದ ತಿಳಿಯುತ್ತದೆ.

ಇದು ಬರಿಯ ಊಹೆಯಲ್ಲ. 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದರಲ್ಲಿ ಯುರೋಪ್, ಆಫ್ರಿಕ, ಪೂರ್ವ ಏಷ್ಯ ಮತ್ತು ದಕ್ಷಿಣ ಏಷ್ಯ ಮೂಲದ 1,59,940 ಜನರ ವಂಶವಾಹಿಗಳನ್ನು ಪರಿಶೀಲಿಸಿ, ಎಚ್‌ಬಿಎ1ಸಿಯ ಮೇಲೆ ಪ್ರಭಾವ ಬೀರುವ 60 ತಾಣಗಳನ್ನು ಗುರುತಿಸಲಾಯಿತು. ಅವುಗಳಲ್ಲಿ ಕೆಲವು ಸಕ್ಕರೆಯನ್ನೇ ಏರಿಳಿಸುವಂಥವು. ಇನ್ನು ಕೆಲವು ಸಕ್ಕರೆಗೆ ಸಂಬಂಧವೇ ಇಲ್ಲದ, ಕೆಂಪು ಕಣದ ಜೀವನಕ್ಕೆ ಮಾತ್ರ ಸೇರಿದವು. ಬಹುಪಾಲು ತಾಣಗಳ ಪ್ರಭಾವ ಒಂದೊಂದಾಗಿ ನೋಡಿದರೆ ಅತ್ಯಲ್ಪ. ಜಿ6ಪಿಡಿ ಮಾತ್ರ ಹಾಗಲ್ಲ. ಆಫ್ರಿಕ ಮೂಲದವರಲ್ಲಿ ಹೆಚ್ಚಾಗಿರುವ ಅದರ ಒಂದು ರೂಪಾಂತರ, ಅದನ್ನು ಪಡೆದ ಗಂಡಸರಲ್ಲಿ ಎಚ್‌ಬಿಎ1ಸಿಯನ್ನು ಸರಾಸರಿ 0.81ರಷ್ಟು ತಗ್ಗಿಸುತ್ತಿತ್ತು. ಎಚ್‌ಬಿಎ1ಸಿಯೊಂದನ್ನೇ ನೆಚ್ಚಿದರೆ ಅಮೆರಿಕದಲ್ಲಿ ಈ ಕಾರಣದಿಂದಲೇ ಸುಮಾರು ಆರೂವರೆ ಲಕ್ಷ ಆಫ್ರಿಕನ್ ಅಮೆರಿಕನ್ ಮಧುಮೇಹಿಗಳು ಪತ್ತೆಯಾಗದೆ ಉಳಿಯಬಹುದೆಂದು ಆ ಸಂಶೋಧಕರು ಅಂದಾಜು ಮಾಡಿದರು. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದವರ ಮುಂದಾಳತ್ವದಲ್ಲಿ ಇತ್ತೀಚೆಗೆ ನಡೆದ ಅಧ್ಯಯನವು ಈ ಅಂದಾಜಿಗೆ ರೋಗಿಗಳ ದಾಖಲೆಗಳಿಂದ ಬಲ ಕೊಟ್ಟಿದೆ. ಜಿ6ಪಿಡಿ ರೂಪಾಂತರವಿರುವ ಗಂಡಸರಲ್ಲಿ ಮಧುಮೇಹ ಸರಾಸರಿ ನಾಲ್ಕು ವರ್ಷ ತಡವಾಗಿ ಪತ್ತೆಯಾಗುತ್ತಿದೆ, ಮತ್ತು ಅವರಲ್ಲಿ ಕಣ್ಣು, ಮೂತ್ರಪಿಂಡ, ನರಗಳ ತೊಂದರೆ ಇತರರಿಗಿಂತ ಹೆಚ್ಚಾಗಿದೆ. ಪರೀಕ್ಷೆಯ ಕಾಗದದಲ್ಲಿ ಕಡಿಮೆ ಕಂಡ ಸಕ್ಕರೆ ಅಕ್ಷಿಪಟಲದ ಸೂಕ್ಷ್ಮ ರಕ್ತನಾಳಗಳಿಗೆ ಕಡಿಮೆಯಾಗಿ ತಗಲುವುದಿಲ್ಲ.

ಜಿ6ಪಿಡಿ ಕೊರತೆ ಒಂದು ಖಂಡದ ಸಮಸ್ಯೆಯೂ ಅಲ್ಲ. ಜಗತ್ತಿನಲ್ಲಿ ನಲವತ್ತು ಕೋಟಿಗೂ ಹೆಚ್ಚು ಜನರಿಗೆ ಅದು ಇದೆಯೆಂದು ಅಂದಾಜು. ಆಫ್ರಿಕ, ಮೆಡಿಟರೇನಿಯನ್ ತೀರ, ಮಧ್ಯಪ್ರಾಚ್ಯ, ದಕ್ಷಿಣ ಮತ್ತು ಆಗ್ನೇಯ ಏಷ್ಯ ಎಲ್ಲ ಕಡೆಯೂ ಅದರ ಬೇರೆ ಬೇರೆ ರೂಪಗಳಿವೆ. ಕಾರಣ ಮಲೇರಿಯ. ಮಲೇರಿಯದ ಪರಾವಲಂಬಿ ಕೆಂಪು ಕಣದೊಳಗೆ ಬೆಳೆಯುತ್ತದೆ. ಕಣದಲ್ಲಿ ಯಾವುದೋ ಒಂದು ಸಣ್ಣ ದೋಷವಿದ್ದರೆ ಅದಕ್ಕೆ ಅಲ್ಲಿ ನೆಲೆ ಸಿಗುವುದು ಕಷ್ಟ. ಸಾವಿರಾರು ವರ್ಷ ಮಲೇರಿಯದೊಂದಿಗೆ ಬದುಕಿದ ಜನರಲ್ಲಿ ಇಂಥ ದೋಷಗಳೇ ವರವಾಗಿ ಉಳಿದುಕೊಂಡವು. ಎಸ್, ಸಿ, ಇ ಹಿಮೋಗ್ಲೋಬಿನ್‌ಗಳು ಮತ್ತು ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ ಥಲಸ್ಸೇಮಿಯಾ ಹಬ್ಬಿರುವುದಕ್ಕೂ ಇದೇ ಕಾರಣ. ಎಚ್‌ಬಿಎ1ಸಿಯನ್ನು ಕೆಡಿಸುವ ವಂಶವಾಹಿಗಳ ಭೂಪಟ ಹಳೆಯ ಮಲೇರಿಯದ ಭೂಪಟದ ಮೇಲೆ ಬಹುಮಟ್ಟಿಗೆ ಕೂಡುವುದು ಆಕಸ್ಮಿಕವಲ್ಲ.

ಕೆಂಪು ಕಣದ ಪೊರೆಯಲ್ಲಿ ಒತ್ತಡವನ್ನು ಗ್ರಹಿಸುವ ಪೀಜೋ1 ಎಂಬ ಪ್ರೋಟೀನಿನ ಒಂದು ರೂಪಾಂತರವೂ ಹೀಗೆಯೇ ಎಚ್‌ಬಿಎ1ಸಿಯನ್ನು ತಗ್ಗಿಸುತ್ತದೆ. ದಕ್ಷಿಣ ಏಷ್ಯ ಮೂಲದವರಲ್ಲಿ ಸುಮಾರು 12 ಮಂದಿಗೆ ಒಬ್ಬರಲ್ಲಿ ಅದಿದೆ ಎಂದು ಬ್ರಿಟನ್ನಿನ ಸಂಶೋಧಕರು ಗುರುತಿಸಿದ್ದಾರೆ. ಅದರ ಪ್ರಭಾವ ಜಿ6ಪಿಡಿಯಷ್ಟು ದೊಡ್ಡದಲ್ಲ. ಆದರೆ ಗೆರೆಯ ಅಂಚಿನಲ್ಲಿರುವವರನ್ನು ಈಚೆಗೆ ತಳ್ಳಲು ಸಾಕು. ಹುಟ್ಟಿನಿಂದ ಕಣಗಳು ಗೋಲಾಕಾರವಾಗಿರುವ ಸ್ಫೆರೋಸೈಟೋಸಿಸ್‌ನಲ್ಲೂ ಕಣಗಳು ಬೇಗ ಸಾಯುವುದರಿಂದ ಅಂಕಿ ಬಹಳ ಕೆಳಗಿಳಿಯುತ್ತದೆ. ಅಂಥವರ ಗುಲ್ಮವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ಮೇಲೆ ಸಕ್ಕರೆಯಲ್ಲಿ ಏನೂ ಬದಲಾವಣೆಯಾಗದಿದ್ದರೂ ಅಂಕಿ ಏರುತ್ತದೆ.

ತಪ್ಪು ಯಾವಾಗಲೂ ಕೆಳಮುಖವಾಗಿಯೇ ಇರುತ್ತದೆ ಎಂದುಕೊಳ್ಳಬೇಡಿ. ಕಬ್ಬಿಣದ ಕೊರತೆಯಿಂದ ರಕ್ತಹೀನತೆಯಾದಾಗ ಎಚ್‌ಬಿಎ1ಸಿ ಸುಳ್ಳೇ ಏರಬಹುದು, ಬಿ12 ಕೊರತೆಯಲ್ಲೂ ಹಾಗೆಯೇ. ಅಷ್ಟೇ ಅಲ್ಲ, ಇಡೀ ಸಮುದಾಯಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಸರಾಸರಿ ಸಕ್ಕರೆ ಸಮನಾಗಿದ್ದರೂ ಕಪ್ಪು ಜನಾಂಗದವರ ಎಚ್‌ಬಿಎ1ಸಿ ಬಿಳಿಯರದಕ್ಕಿಂತ 0.4ರಷ್ಟು ಹೆಚ್ಚಿದ್ದದ್ದು ಕಂಡುಬಂದಿದೆ. ಅಂದರೆ ಅದೇ ಸಮುದಾಯದ ಸರಾಸರಿ ಮೇಲಕ್ಕೆ, ಅದರೊಳಗಿನ ಜಿ6ಪಿಡಿ ಕೊರತೆಯವರ ಅಂಕಿ ಕೆಳಕ್ಕೆ. ಆದ್ದರಿಂದ ಜನಾಂಗವನ್ನೋ ಮೂಲವನ್ನೋ ನೋಡಿ ಇಷ್ಟು ಕೂಡಿಸಿ, ಇಷ್ಟು ಕಳೆಯಿರಿ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಪರೀಕ್ಷೆ ತಪ್ಪುವುದು ವ್ಯಕ್ತಿಯಲ್ಲಿ, ಅದನ್ನು ಸರಿಪಡಿಸಬೇಕಾದದ್ದೂ ಆ ವ್ಯಕ್ತಿಯದೇ ಸಕ್ಕರೆಯ ಅಳತೆಯಿಂದ.

ಸಕ್ಕರೆಯ ಪರೀಕ್ಷೆ ದೋಷರಹಿತವೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಖಾಲಿ ಹೊಟ್ಟೆಯ ಸಕ್ಕರೆ ಒಬ್ಬರಲ್ಲೇ ದಿನದಿಂದ ದಿನಕ್ಕೆ ಶೇಕಡ ಐದಾರರಷ್ಟು ಏರಿಳಿಯುತ್ತದೆ. ತೆಗೆದ ರಕ್ತವನ್ನು ಹಾಗೇ ಇಟ್ಟರೆ ಕಣಗಳು ನಳಿಕೆಯಲ್ಲೇ ಸಕ್ಕರೆಯನ್ನು ಬಳಸಿಕೊಳ್ಳುತ್ತ ಹೋಗುವುದರಿಂದ ಗಂಟೆಗೆ ಶೇಕಡ 5ರಿಂದ 7ರಷ್ಟು ಕಡಿಮೆಯಾಗುತ್ತದೆ. ಆದರೆ ಗಮನಿಸಿ, ಈ ತಪ್ಪು ಅಂಕಿಯನ್ನು ಇಳಿಸುತ್ತದೆ, ಏರಿಸುವುದಿಲ್ಲ. ನಿಮ್ಮ ರಕ್ತ ಲ್ಯಾಬಿನಲ್ಲಿ ಕಾದಿದ್ದರೆ ನಿಜವಾದ ಅಂಕಿ 138ಕ್ಕಿಂತ ಹೆಚ್ಚೇ ಇದ್ದಿರಬೇಕು. ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರಿಗೆ ಮಾತ್ರ ಕೆಂಪು ಕಣಗಳ ಪ್ರಮಾಣದ ಕಾಟವಿದೆ. ಥಲಸ್ಸೇಮಿಯಾದಂಥ ಕಾರಣದಿಂದ ಕಣಗಳ ಪಾಲು ತಗ್ಗಿದ್ದರೆ ಅದನ್ನು ಸರಿದೂಗಿಸುವ ವ್ಯವಸ್ಥೆಯಿಲ್ಲದ ಮೀಟರು ಸಕ್ಕರೆಯನ್ನು ಹೆಚ್ಚಾಗಿ ತೋರಿಸುತ್ತದೆ. ನಿರ್ಣಯಕ್ಕೆ ಮೀಟರಿನ ಅಂಕಿಯನ್ನು ಬಳಸಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ವಂಶವಾಹಿಗೆ ಸೇರಿದ ಇನ್ನೊಂದು ಸಾಧ್ಯತೆಯನ್ನು ಪರಿಗಣಿಸಿ ಬದಿಗಿಡುತ್ತೇನೆ. ಗ್ಲೂಕೋಕೈನೇಸ್ ಎಂಬ ಕಿಣ್ವದ ವಂಶವಾಹಿ ಬದಲಾಗಿರುವವರಲ್ಲಿ ಖಾಲಿ ಹೊಟ್ಟೆಯ ಸಕ್ಕರೆ ಹುಟ್ಟಿನಿಂದಲೇ ಸ್ವಲ್ಪ ಮೇಲಿನ ಮಟ್ಟದಲ್ಲಿ ನಿಂತಿರುತ್ತದೆ. ಗರ್ಭಿಣಿಯರನ್ನು ಬಿಟ್ಟು ಉಳಿದವರಿಗೆ ಸಾಮಾನ್ಯವಾಗಿ ಔಷಧವೇ ಬೇಕಾಗುವುದಿಲ್ಲ. ನಿಮ್ಮ 138 ಮತ್ತು 142 ಆ ಚಿತ್ರಕ್ಕೆ ಹೊಂದುತ್ತವೆ. ಆದರೆ ಆ ಸ್ಥಿತಿಯಲ್ಲಿ ಊಟದ ನಂತರದ ಏರಿಕೆ ಅಲ್ಪವಾಗಿರುತ್ತದೆ, ಕಣ್ಣಿಗೆ ಗಂಭೀರ ಹಾನಿಯಾಗುವುದೂ ತೀರ ವಿರಳ. ನಿಮ್ಮ 214 ಮತ್ತು ನಿಮ್ಮ ಅಣ್ಣನವರ ಅಕ್ಷಿಪಟಲದ ಹಾನಿ ಎರಡೂ ಅದಕ್ಕೆ ವಿರುದ್ಧವಾಗಿ ಸಾಕ್ಷಿ ಹೇಳುತ್ತವೆ.

ಈಗ ನೀವು ಮಾಡಿಸಬೇಕಾದದ್ದು. ಮೊದಲು ಸಂಪೂರ್ಣ ರಕ್ತಕಣ ಎಣಿಕೆ ಮತ್ತು ಅದರ ಜತೆ ರೆಟಿಕ್ಯುಲೋಸೈಟ್ ಎನ್ನುವ ಎಳೆಯ ಕಣಗಳ ಎಣಿಕೆ. ಎಳೆಯ ಕಣಗಳು ಹೆಚ್ಚಿದ್ದರೆ ಮಜ್ಜೆ ಏನನ್ನೋ ತುಂಬಿಕೊಡುತ್ತಿದೆ ಎಂದರ್ಥ. ಬಿಲಿರುಬಿನ್, ಎಲ್‌ಡಿಎಚ್ ಮತ್ತು ಹ್ಯಾಪ್ಟೊಗ್ಲೋಬಿನ್ ಪರೀಕ್ಷೆಗಳು ಕಣಗಳು ಅಕಾಲದಲ್ಲಿ ಒಡೆಯುತ್ತಿವೆಯೇ ಎಂಬುದನ್ನು ಹೇಳುತ್ತವೆ. ಹಿಮೋಗ್ಲೋಬಿನ್ ರೂಪಾಂತರಗಳನ್ನು ನೋಡಲು ಎಲೆಕ್ಟ್ರೊಫೊರೆಸಿಸ್ ಅಥವಾ ಅದಕ್ಕೆಂದೇ ಮಾಡುವ ಎಚ್‌ಪಿಎಲ್‌ಸಿ ಬೇಕು. ಜಿ6ಪಿಡಿ ಕಿಣ್ವದ ಚಟುವಟಿಕೆಯನ್ನು ಅಳೆಸಿ. ಆದರೆ ಕಾಮಾಲೆ ಅಥವಾ ಕಣಗಳು ಒಡೆದ ಪ್ರಸಂಗ ಈಚೆಗೆ ಆಗಿದ್ದರೆ ಸುಮಾರು ಮೂರು ತಿಂಗಳು ಕಾಯಬೇಕು, ಏಕೆಂದರೆ ಆಗ ಹಳೆಯ ಕಣಗಳೆಲ್ಲ ಸತ್ತು ಕಿಣ್ವ ಹೆಚ್ಚಾಗಿರುವ ಎಳೆಯ ಕಣಗಳೇ ಉಳಿದಿರುವುದರಿಂದ ಫಲಿತಾಂಶ ಸುಳ್ಳೇ ಸರಿಯಾಗಿ ಬರುತ್ತದೆ. ಇದಕ್ಕೆಲ್ಲ ವಂಶವಾಹಿಯ ಪರೀಕ್ಷೆ ಮೊದಲ ಹೆಜ್ಜೆಯಲ್ಲ. ಕಿಣ್ವದ ಪರೀಕ್ಷೆ ಗೊಂದಲ ತಂದಾಗ, ವಿಶೇಷವಾಗಿ ಒಂದು ಪ್ರತಿ ಮಾತ್ರ ಬದಲಾಗಿರುವ ಹೆಂಗಸರಲ್ಲಿ, ಅದರ ಉಪಯೋಗ ಹೆಚ್ಚು. ಕಳೆದ ಮೂರ್ನಾಲ್ಕು ತಿಂಗಳಲ್ಲಿ ನಿಮಗೆ ರಕ್ತ ಕೊಟ್ಟಿದ್ದಾರೆಯೇ ಅಥವಾ ನೀವು ರಕ್ತದಾನ ಮಾಡಿದ್ದೀರಾ ಎಂಬುದನ್ನೂ ವೈದ್ಯರಿಗೆ ತಿಳಿಸಿ. ವಂಶವಾಹಿಯನ್ನು ದೂರುವ ಮೊದಲು ಅಂಥ ಸರಳ ಕಾರಣಗಳನ್ನು ತೆಗೆದುಹಾಕಬೇಕು. ಚರ್ಮದ ಕಾಯಿಲೆಗೆ ಡ್ಯಾಪ್ಸೋನ್ ಮಾತ್ರೆ ತೆಗೆದುಕೊಳ್ಳುವವರಲ್ಲೂ ಎಚ್‌ಬಿಎ1ಸಿ ಇಳಿಯುತ್ತದೆ.

ಸರಾಸರಿ ಸಕ್ಕರೆಯನ್ನು ಕೆಂಪು ಕಣದ ಹಂಗಿಲ್ಲದೆ ತಿಳಿಯುವ ದಾರಿಗಳಿವೆ. ಫ್ರಕ್ಟೊಸಮೈನ್ ಮತ್ತು ಗ್ಲೈಕೇಟೆಡ್ ಆಲ್ಬುಮಿನ್ ಪರೀಕ್ಷೆಗಳು ಪ್ಲಾಸ್ಮಾದ ಪ್ರೋಟೀನುಗಳಿಗೆ ಅಂಟಿದ ಸಕ್ಕರೆಯನ್ನು ಅಳೆದು ಹಿಂದಿನ ಎರಡು ಮೂರು ವಾರಗಳ ಚಿತ್ರ ಕೊಡುತ್ತವೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಯಕೃತ್ತಿನ ಅಥವಾ ಥೈರಾಯ್ಡ್ ಕಾಯಿಲೆಯಿದ್ದರೆ ಅವೂ ಹಾದಿ ತಪ್ಪುತ್ತವೆ. ನನ್ನ ಆಯ್ಕೆ, ಸಾಧ್ಯವಾದರೆ, ತೋಳಿಗೆ ಅಂಟಿಸಿಕೊಳ್ಳುವ ನಿರಂತರ ಗ್ಲೂಕೋಸ್ ಸಂವೇದಕವನ್ನು 14 ದಿನ ಹಾಕಿಕೊಳ್ಳುವುದು. ಆ ಅವಧಿಯಲ್ಲಿ ಕನಿಷ್ಠ ಶೇಕಡ 70ರಷ್ಟು ಸಮಯದ ಮಾಹಿತಿ ಸಿಕ್ಕಿದರೆ ಅದರ ಸರಾಸರಿಯನ್ನು ನಂಬಬಹುದು. ಸಂವೇದಕದ ವರದಿಯಲ್ಲಿ ಜಿಎಂಐ ಎಂಬ ಅಂಕಿ ಇರುತ್ತದೆ. ನಿಮ್ಮ ಸರಾಸರಿ ಸಕ್ಕರೆಗೆ ಎಚ್‌ಬಿಎ1ಸಿ ಎಷ್ಟಿರಬೇಕಿತ್ತು ಎಂಬುದರ ಅಂದಾಜು ಅದು. ಜಿಎಂಐ 7.2, ಲ್ಯಾಬಿನ ಎಚ್‌ಬಿಎ1ಸಿ 5.6 ಎಂದು ಬಂದರೆ ಅನುಮಾನ ಉಳಿಯುವುದಿಲ್ಲ.

ಪತ್ತೆಯಾದ ಮೇಲೂ ಈ ತೊಂದರೆ ಮುಗಿಯುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಸಕ್ಕರೆಯ ಪರೀಕ್ಷೆಯಿಂದ ಮಧುಮೇಹ ಗುರುತಿಸಿ, ಚಿಕಿತ್ಸೆ ಶುರುಮಾಡಿ, ಮೂರು ತಿಂಗಳ ಬಳಿಕ ಮತ್ತೆ ಎಚ್‌ಬಿಎ1ಸಿಯನ್ನೇ ನೋಡಿ ಹತೋಟಿ ಅದ್ಭುತವಾಗಿದೆ ಎಂದು ಮಾತ್ರೆ ಕಡಿಮೆ ಮಾಡುವುದು ಪದೇ ಪದೇ ನಡೆಯುವ ತಪ್ಪು. ಕಾರಣ ಖಚಿತವಾದ ಮೇಲೆ ನಿಮ್ಮ ಕಡತದ ಮೊದಲ ಪುಟದಲ್ಲಿ 'ಈ ವ್ಯಕ್ತಿಯಲ್ಲಿ ಎಚ್‌ಬಿಎ1ಸಿ ಬಳಸಬಾರದು' ಎಂದು ಕಾರಣಸಹಿತ ಬರೆಸಿಡಿ. ಜಿ6ಪಿಡಿ ಕೊರತೆ ಕಂಡುಬಂದರೆ ಅದರಿಂದ ಔಷಧಗಳ ಆಯ್ಕೆಯೂ ಬದಲಾಗುತ್ತದೆ. ಮಲೇರಿಯಕ್ಕೆ ಕೊಡುವ ಪ್ರಿಮಾಕ್ವಿನ್, ಡ್ಯಾಪ್ಸೋನ್‌ನಂಥ ಔಷಧಗಳು ಅಂಥವರಲ್ಲಿ ಕಣಗಳನ್ನು ಒಮ್ಮೆಲೇ ಒಡೆಯಬಲ್ಲವು, ಮಧುಮೇಹಕ್ಕೇ ಕೊಡುವ ಗ್ಲಿಮೆಪಿರೈಡ್ ಗುಂಪಿನ ಮಾತ್ರೆಗಳ ಮಾಹಿತಿಪತ್ರದಲ್ಲೂ ಈ ಬಗ್ಗೆ ಎಚ್ಚರಿಕೆಯಿದೆ. ನಿಮ್ಮ ಕಣ್ಣಿನ ಪರೀಕ್ಷೆ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನು ಈಗಲೇ ಮಾಡಿಸಿ. ಸಕ್ಕರೆ ಎಷ್ಟು ವರ್ಷದಿಂದ ಹೆಚ್ಚಿದೆ ಎಂದು ಹೇಳಲು ನಿಮ್ಮ ಹಳೆಯ ಎಚ್‌ಬಿಎ1ಸಿ ವರದಿಗಳಿಗೆ ಸಾಧ್ಯವಿಲ್ಲ.

ಕೊನೆಯದಾಗಿ ನಿಮ್ಮ ಅಣ್ಣನವರ ವಿಷಯ. ಅವರ 6 ಕೂಡ ನಿಮ್ಮ 5.6ರಂಥದೇ ಅಂಕಿಯಾಗಿರಬಹುದು. ಆದ್ದರಿಂದ ಮೇಲೆ ಹೇಳಿದ ಪರೀಕ್ಷೆಗಳನ್ನು ಅವರೂ ಮಾಡಿಸಬೇಕು, ಮತ್ತು ಅವರ ಚಿಕಿತ್ಸೆಯನ್ನು ಸಕ್ಕರೆಯ ನೇರ ಅಳತೆಗಳಿಂದ ಹೊಸದಾಗಿ ತೂಗಿ ನೋಡಬೇಕು. ಜಿ6ಪಿಡಿಯ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿರುವುದರಿಂದ ಗಂಡಸಿಗೆ ಅದು ಬರುವುದು ತಾಯಿಯಿಂದ ಮಾತ್ರ. ನಿಮ್ಮಲ್ಲಿ ಅದರ ಕೊರತೆ ಇರುವುದು ನಿಜವಾದರೆ ನಿಮ್ಮ ತಾಯಿಯಲ್ಲಿ ಬದಲಾದ ಪ್ರತಿಯಿದೆ, ಅಣ್ಣನವರಿಗೆ ಅದು ಬಂದಿರುವ ಸಾಧ್ಯತೆ ಅರ್ಧದಷ್ಟಾದರೂ ಇದೆ. ನಿಮ್ಮ ಗಂಡುಮಕ್ಕಳಿಗೆ ಅದು ನಿಮ್ಮಿಂದ ಬರುವುದಿಲ್ಲ. ಹೆಣ್ಣುಮಕ್ಕಳಿದ್ದರೆ ಅವರೆಲ್ಲರಿಗೂ ಒಂದು ಪ್ರತಿ ಬಂದಿರುತ್ತದೆ, ಅವರು ಮುಂದೆ ಮಧುಮೇಹದ ತಪಾಸಣೆಗೆ ಹೋದಾಗ ಖಾಲಿ ಹೊಟ್ಟೆಯ ಸಕ್ಕರೆಯನ್ನೂ ಕೇಳಿ ಮಾಡಿಸಿಕೊಳ್ಳಲಿ.